ಶನಿವಾರದ ಡಬ್ಬಿ

ಮೃಣಾಲಿನಿಬಾಯಿ ಮೂವತ್ತೊಂದು ವರ್ಷ ಧಾರವಾಡದ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿದವರು. ನಿವೃತ್ತಿಯ ಮೇಲೆ ಅವರು ಹಿಡಿದ ಕೆಲಸ ಮಾತ್ರ ಮಾಳಮಡ್ಡಿಯ ಓಣಿಯಲ್ಲಿ ಯಾರೂ ಊಹಿಸದಂಥದ್ದು: ಕ್ಯಾಥೊಲಿಕ್ ಮಹಾಧರ್ಮಾಧ್ಯಕ್ಷರೊಬ್ಬರ ಪತ್ರ ಬರೆದುಕೊಡುವುದು.

"ತುಳಸಿಗೆ ನೀರ ಹಾಕಿ ಎತ್ಲಾಗ ಹೊಂಟ್ರಿ?" ಎಂದು ನೆರೆಯವರು ಚುಚ್ಚಿದರೆ, "ಬಿಷಪ್ ಅಜ್ಜಾರ ಟಪಾಲು ಕಾಯ್ಲಿಕ್ಕತ್ತದ" ಎಂದು ಚಪ್ಪಲಿ ಮೆಟ್ಟುವರು.

ಅಜ್ಜಾರು ನಿವೃತ್ತರಾಗಿ ಊರಂಚಿನಲ್ಲಿದ್ದ ವೃದ್ಧ ಗುರುಗಳ ನಿವಾಸದಲ್ಲಿದ್ದರು. ಕಣ್ಣು ಪೂರ್ತಿ ಮಂಜಾಗಿತ್ತು. ಆದರೂ ಹಳ್ಳಿಗಳಿಂದ ಅವರಿಗೆ ಪತ್ರ ಬರುವುದು ನಿಂತಿರಲಿಲ್ಲ. ಸ್ಮಶಾನದ ಗೋಡೆ, ಹಾಡುವವರ ಜಗಳ, ಮಗಳಿಗೆ ಹಾಸ್ಟೆಲ್ ಸೀಟು, ಎಲ್ಲವೂ ಬರುತ್ತಿದ್ದವು. ಅಜ್ಜಾರು ಸಾರಾಂಶ ಹೇಳುವರು, ಬಾಯಿಯವರು ಬರೆಯುವರು.

ಅಲ್ಲಿ ಒಂದು ನಿಯಮವಿತ್ತು. ಜಗಳದ ವಿಷಯದ ಉತ್ತರ ಬರೆದ ದಿನವೇ ಟಪಾಲಿಗೆ ಹೋಗುವಂತಿಲ್ಲ. ಅದು ಬಿಸ್ಕೀಟಿನ ಹಳೆಯ ಡಬ್ಬಿಯಲ್ಲಿ ಮಲಗಬೇಕು. ಶನಿವಾರ ತೆಗೆದು ಗಟ್ಟಿಯಾಗಿ ಓದಬೇಕು, ಅದೂ ಬರೆದವರು ಓದಕೂಡದು. "ಬರದಾಂವ ಓದಿದ್ರ ತನ್ನ ದನಿಯಿಂದನ ತಪ್ಪು ಮುಚ್ಚತಾನ" ಎನ್ನುವರು ಅಜ್ಜಾರು.

ಹತ್ತು ವರ್ಷ ಅಲ್ಲಿಯ ಫಾದರ್ ಒಬ್ಬರು ಓದುತ್ತಿದ್ದರು. ಅವರಿಗೆ ವರ್ಗವಾಯಿತು. ಹೋದ ವರ್ಷ ಅವರ ಜಾಗಕ್ಕೆ ತಸ್ಲೀಮಾ ಬಂದಳು, ಕನ್ನಡ ಎಂ.ಎ. ಓದುವ ಹುಡುಗಿ. ಓದಲು ಬಂದವಳು ಸೋಮವಾರ, ಮಂಗಳವಾರ ಪತ್ರ ಬರೆಯಲೂ ತೊಡಗಿದಳು.

ಬಾಯಿಯವರ ಹೊಟ್ಟೆಕಿಚ್ಚು ಹೊತ್ತಿಕೊಂಡದ್ದು ಒಂದು ಶೇಂಗಾ ಹೋಳಿಗೆಯ ಗಂಟಿನಿಂದ. ಉಪ್ಪಿನಬೆಟಗೇರಿಯ ಕಡೆಯಿಂದ ಯಾರೋ ಮುದುಕಿ ಕಳಿಸಿದ್ದಳು, 'ಅಜ್ಜಾರ ಪತ್ರ ಬರದ ಹುಡುಗಿಗೆ' ಎಂದು ಚೀಟಿ ಬರೆಸಿ.

"ಅಕ್ಕಾರ, ನೀವು ಮೊದಲ ತಗೋರಿ" ಎಂದು ತಸ್ಲೀಮಾ ಗಂಟು ಮುಂದೆ ಹಿಡಿದಳು.

"ನನಗ ಶೇಂಗಾ ಪಿತ್ತ ಆಗ್ತದವಾ" ಎಂದರು ಬಾಯಿಯವರು. ಆಗುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವರು ಬರೆದ ಪತ್ರಗಳು ಎರಡು ಸಾವಿರಕ್ಕೂ ಮಿಕ್ಕಿದ್ದವು. ಯಾರೂ ಒಂದು ಕಲ್ಲುಸಕ್ಕರೆ ಕಳಿಸಿರಲಿಲ್ಲ.

ಆ ವಾರ ಡಬ್ಬಿಯಲ್ಲಿ ತಸ್ಲೀಮಾ ಬರೆದ ಪತ್ರವೊಂದಿತ್ತು. ಸುಳ್ಳ ಎಂಬ ಊರಿನ ಹತ್ತಿರದ ಹಳ್ಳಿಯ ಅಣ್ಣತಮ್ಮಂದಿರಿಗೆ. ತಾಯಿ ಸತ್ತು ವರ್ಷ ಆಗಲಿತ್ತು. ವರ್ಷದ ಪೂಜೆಯನ್ನು ಬೇರೆ ಬೇರೆ ಮಾಡಿಸುತ್ತೇವೆ, ಬೇರೆ ಬೇರೆ ಊಟ ಹಾಕುತ್ತೇವೆ ಎಂದು ಇಬ್ಬರೂ ಹಟ ಹಿಡಿದಿದ್ದರು. ಶನಿವಾರ ತಸ್ಲೀಮಾ ತನ್ನ ಅಕ್ಕ ರುಕ್ಸಾನಾಳ ಮದುವೆಗೆ ಹೋಗಿದ್ದಳು. ಅವಳು ಬರೆದದ್ದನ್ನು ಓದುವ ಪಾಳಿ ಹೇಗೂ ಬಾಯಿಯವರದು.

ಓದುತ್ತ ಓದುತ್ತ ಅವರ ಕಣ್ಣು ಒಂದು ಸಾಲಿಗೆ ಸಿಕ್ಕಿಕೊಂಡಿತು: 'ನಿಮ್ಮವ್ವ ಒಂದೇ ತಾಟಿನ್ಯಾಗ ಕಲಸಿ ಇಬ್ಬರಿಗೂ ಉಣಿಸಿದಾಕಿ. ಆಕಿ ಹೆಸರಿಗೆ ಎರಡು ಒಲಿ ಹಚ್ಚಬ್ಯಾಡ್ರಿ.'

ಇಂಥದ್ದೊಂದು ಮಾತು ತನಗೇಕೆ ಎಂದೂ ಹೊಳೆಯಲಿಲ್ಲ? ಅಜ್ಜಾರು ಕಣ್ಣು ಮುಚ್ಚಿ ಕಿವಿಗೊಟ್ಟು ಕೂತಿದ್ದರು. ಬಾಯಿಯವರು ಆ ಸಾಲನ್ನು ಹಾರಿಸಿ ಮುಂದಿನದಕ್ಕೆ ಹೋದರು.

"ಒಣಾ ಒಣಾ ಆತಲ್ಲ," ಎಂದರು ಅಜ್ಜಾರು. "ನೀವs ಹೊಸದಾಗಿ ಬರೀರಿ ಬಾಯಾರ."

ಬೇಕಾದದ್ದು ಸಿಕ್ಕಿತು. ಮನೆಗೆ ಬಂದು ಬರೆಯಲು ಕೂತರು. ನಾಲ್ಕು ಸಲ ಬರೆದು ನಾಲ್ಕೂ ಸಲ ಹರಿದರು. ಎಲ್ಲಿಂದ ಸುರುಮಾಡಿದರೂ ಮಾತು ಬಂದು ಆ ತಾಟಿನ ಮುಂದೆಯೇ ನಿಲ್ಲುತ್ತಿತ್ತು. ಐದನೆಯ ಸಲ ಅದನ್ನೇ ಬರೆದರು. ನೂರಾರು ಪತ್ರ ಬರೆಯುವ ಹುಡುಗಿಗೆ ಒಂದು ಸಾಲು ಎಲ್ಲಿ ನೆನಪಿದ್ದೀತು ಎಂದುಕೊಂಡರು.

ಮುಂದಿನ ಶನಿವಾರ ತಸ್ಲೀಮಾ ಕೈತುಂಬ ಮೆಹಂದಿ ಹಚ್ಚಿಕೊಂಡು ಬಂದಳು. ಡಬ್ಬಿ ತೆರೆದು ಓದತೊಡಗಿದಳು. ತಾಟಿನ ಸಾಲಿಗೆ ಬಂದು ನಿಂತಳು.

"ಯಾಕ ನಿಂತಿ ಮಗಳs?"

ಅವಳು ಬಾಯಿಯವರ ಮುಖ ನೋಡಿದಳು. "ಏನಿಲ್ರಿ ಅಜ್ಜಾರ. ಅಕ್ಷರ ಒಂದಕ್ಕೊಂದು ಕೂಡ್ಯಾವು."

ಮೃಣಾಲಿನಿಬಾಯಿಯವರ ಅಕ್ಷರ ಅಚ್ಚು ಹಾಕಿದ ಹಾಗೆ, ಆಯುಷ್ಯದಲ್ಲಿ ಕೂಡಿದ್ದಿಲ್ಲ. ಹುಡುಗಿ ಓದಿ ಮುಗಿಸಿದಳು. ಅಜ್ಜಾರು ಕುರ್ಚಿಯ ಕೈ ತಟ್ಟಿದರು.

"ಭೇಷ್ ಬಾಯಾರ! ಹನ್ನೊಂದು ವರ್ಷದಾಗ ಇಂಥಾದ್ದು ಬರೆದಿದ್ದಿಲ್ಲ ನೀವು."

ಹನ್ನೊಂದು ವರ್ಷ ಕಾದ ಮಾತು ಬಂತು, ಆದರೆ ಬಂದದ್ದು ಹುಡುಗಿಯ ಸಾಲಿಗೆ.

"ಅಜ್ಜಾರ, ಆ ತಾಟಿನ ಸಾಲು ಅಕೀದು," ಎಂದರು ಬಾಯಿಯವರು. "ಹ್ವಾದ ಶನಿವಾರ ನಾನು ಅದನ್ನ ಬಿಟ್ಟು ಓದಿದೆ. ಬೇಕಂತನ ಬಿಟ್ಟೆ."

ಅಜ್ಜಾರು ಕುರ್ಚಿಯ ಮೇಲಿನ ಕೈ ಮಡಿಲಿಗೆ ತೆಗೆದುಕೊಂಡರು. ಆಮೇಲೆ ಮೆಲ್ಲಗೆ, "ನೀವು ಓದಿದ್ದs ನಾ ಕಂಡದ್ದು ಬಾಯಾರ," ಎಂದರು. "ನೀವs ಬಿಟ್ರ ನಾ ಎಲ್ಲೆ ಹುಡಕಲಿ?"

ಬಾಯಿಯವರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು.

"ಎಲ್ಲಿಗ್ರಿ?" ಎಂದಳು ತಸ್ಲೀಮಾ. "ಡಬ್ಬ್ಯಾಗ ನಂದಿನ್ನೊಂದು ಪತ್ರ ಐತಿ. ನಾನು ಓದೋ ಹಂಗಿಲ್ಲ. ಇನ್ಯಾರು ಓದಬೇಕು, ಗ್ವಾಡಿ ಓದತೈತೇನ್ರಿ?"

ಅಜ್ಜಾರು ಹೌದೆಂದು ತಲೆಯಾಡಿಸಿ ಕಿವಿ ಬಾಯಿಯವರತ್ತ ತಿರುಗಿಸಿದರು. ಬಾಯಿಯವರು ಕೂತರು. ಕನ್ನಡಕ ಒರೆಸಿಕೊಂಡು, ತಾರೀಖಿನಿಂದ ಹಿಡಿದು, ಒಂದು ಅಕ್ಷರ ಬಿಡದೆ ಓದಿದರು. ನಡುವೆ ಮತ್ತೊಂದು ಅಂಥದೇ ಸಾಲು ಬಂತು. ಅದನ್ನು ಅವರು ಉಳಿದೆಲ್ಲ ಸಾಲಿಗಿಂತ ತುಸು ಗಟ್ಟಿಯಾಗಿಯೇ ಓದಿದರು.