ಗುಂಡಿಯಕ್ಕ ಓದಿದ ಕಂತು

ಆ ಹೊಲಿಗೆ ಕೋಣೆಯಲ್ಲಿ ಹನ್ನೊಂದು ಹೆಂಗಸರು, ಒಬ್ಬ ಕಟಿಂಗ್ ಮಾಸ್ಟರ್. ಸೋಮವಾರ ಊಟವಾದ ಮೇಲೆ ಅರ್ಧ ಗಂಟೆ ಮಿಷನ್ನುಗಳು ಸುಮ್ಮನಾಗುತ್ತವೆ, ಕೈಹೊಲಿಗೆ ಮಾತ್ರ ನಡೆಯುತ್ತದೆ. ಕಾಲರ್ ಹೊಲಿಯುವಾಕೆ ವಾರಪತ್ರಿಕೆಯ ಧಾರಾವಾಹಿ ಓದುತ್ತಾಳೆ. ಅವಳ ಪಾಲಿನ ಅಂಗಿಗಳನ್ನು ಉಳಿದವರು ಹಂಚಿಕೊಂಡು ಮುಗಿಸುತ್ತಾರೆ. ಒಂಬತ್ತು ವರ್ಷದಿಂದ ಇದೇ ಕಟ್ಟಳೆ.

ಗುಂಡಿ ಹಚ್ಚುವ ಗುಂಡಿಯಕ್ಕನಿಗೆ ಐವತ್ತೆರಡು. ಹೋದ ವರ್ಷವಷ್ಟೇ ಸೊಸೆ ಹಿಡಿದು ಕೂರಿಸಿ ಓದು ಕಲಿಸಿದ್ದಳು. "ಅತ್ತೆಗೆ ಪಾಠ ಕಲಿಸೋ ಭಾಗ್ಯ ಎಷ್ಟು ಜನಕ್ಕುಂಟು?" ಎಂದು ಸೊಸೆ ಬೀಗುತ್ತಿದ್ದಳು.

ಆ ಸೋಮವಾರ ಕಾಲರಿನಾಕೆಗೆ ಗಂಟಲು ಕಟ್ಟಿ ರಜೆ. ಕಥೆಯೋ ಎಂಥ ಕಡೆ ನಿಂತಿತ್ತು! ನಾಯಕಿಗೆ ಕೆಲಸದ ಪತ್ರ ಬಂದಿದೆ, ಗಂಡ ಬಾಗಿಲಿಗೆ ಅಡ್ಡ ನಿಂತಿದ್ದಾನೆ.

"ನೀನೇ ಓದಕ್ಕಾ," ಎಂದಳು ಕಾಜಾ ಹೊಲಿಯುವಾಕೆ. "ಅವಳು ಕೆಲಸಕ್ಕೆ ಹೋದ್ರೆ ನಾನೂ ಶಾಲೆಗೆ ಹೋಗ್ತೀನಿ." ಸಂಜೆ ಶಾಲೆಯ ಅರ್ಜಿ ತುಂಬಿ ಇಪ್ಪತ್ತು ದಿನದಿಂದ ಊಟದ ಚೀಲದಲ್ಲಿಟ್ಟುಕೊಂಡಿದ್ದಳು. ಅವಳ ಗಂಡನದು 'ನೋಡೋಣ' ಎಂಬ ಒಂದೇ ಮಾತು.

ಗುಂಡಿಯಕ್ಕ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ನಾಯಕಿ ಪತ್ರ ಹರಿದು ಗಂಡನ ಕಾಲಿಗೆ ಬಿದ್ದಿದ್ದಳು. ನಂಬಿಕೆ ಬರದೆ ಗುಂಡಿಯಕ್ಕ ಕಪಾಟಿನ ಹಳೆ ಸಂಚಿಕೆ ತೆಗೆದಳು. ನಾಯಕಿ ಅತ್ತೆಗೆ ಎದುರು ಮಾತಾಡಿದಳೆಂದು ಎಲ್ಲರೂ ಕೇಳಿಸಿಕೊಂಡಿದ್ದ ಜಾಗದಲ್ಲಿ, ಅಚ್ಚಿನ ಪ್ರಕಾರ, ಅವಳು ಬರೀ ಅತ್ತಿದ್ದಳು. ಕಾಲರಿನಾಕೆ ಇಷ್ಟು ದಿನ ಓದಿದ್ದೇ ಬೇರೆ.

"ಏನಕ್ಕಾ, ಅಕ್ಷರಗಳು ಮುಷ್ಕರ ಹೂಡಿದ್ವಾ?" ಎಂದ ಮಾಸ್ಟರ್.

ಇದ್ದದ್ದನ್ನು ಇದ್ದಂತೆ ಓದಿದರೆ ಆ ಅರ್ಜಿ ಚೀಲದಲ್ಲೇ ಮುದುಡುತ್ತದೆ. ಗುಂಡಿಯಕ್ಕ ಕನ್ನಡಕ ಒರೆಸಿಕೊಂಡಳು.

"'ದಾರಿ ಬಿಡಿ' ಅಂದಳು. ಗಂಡ ಬಿಟ್ಟ."

"ಅಷ್ಟು ಬೇಗ ಬಿಟ್ನಾ?" ಎಂದಳು ಕಾಜಾದಾಕೆ.

"ಗೊಣಗಿದ ಕಣೇ. ತಾಳು, ಅಲ್ಲಿಗೇ ಬರ್ತಿದ್ದೀನಿ."

ಮಾಸ್ಟರ್ ಹಿಂದೆ ಬಂದು ಬಗ್ಗಿದ. "ಬೆರಳು ಒಂದೇ ಸಾಲಲ್ಲಿ ನಿಂತಿದೆಯಲ್ಲ?"

"ಹೊಸ ಓದು ಮಾಸ್ಟ್ರೇ. ಬಾಯಿ ಓಡುತ್ತೆ, ಬೆರಳಿಗಿನ್ನೂ ಅಭ್ಯಾಸ ಇಲ್ಲ."

ಎಲ್ಲರೂ ನಕ್ಕರು. ಮಾಸ್ಟರ್ ಒಂದು ಗಳಿಗೆ ಪುಟ ನೋಡಿದ, ಕತ್ತರಿ ಎತ್ತಿಕೊಂಡು ತನ್ನ ಮೇಜಿಗೆ ಹೋದ.

ಮಂಗಳವಾರ ಬೆಳಿಗ್ಗೆ ಅರ್ಜಿ ಶಾಲೆಗೆ ಸೇರಿತು.

ಮುಂದಿನ ಸೋಮವಾರ ಕಾಲರಿನಾಕೆ ಹೋದ ವಾರದ ಸಂಚಿಕೆ ಬಿಡಿಸಿ ನೋಡಿ, ಮೆಲ್ಲಗೆ ಕೇಳಿದಳು: "ಕಥೆ ಎಲ್ಲಿಗೆ ಬಂತಕ್ಕಾ?"

"ಕೆಲಸಕ್ಕೆ ಸೇರಿದಳು. ಗಂಡನೇ ಬಸ್ ಹತ್ತಿಸಿ ಬಂದ."

"ಗಂಡನೇ? ಅಯ್ಯೋ, ನಾನೂ ಅಷ್ಟು ದೂರ ಹೋಗಿರಲಿಲ್ಲ!"

ಇಬ್ಬರೂ ತಲೆ ತಗ್ಗಿಸಿ ನಗು ನುಂಗಿದರು. ಆಮೇಲೆ ಕಾಲರಿನಾಕೆ ಹೊಸ ಸಂಚಿಕೆಯನ್ನು ಗುಂಡಿಯಕ್ಕನ ಕೈಗಿತ್ತು, ಅವಳ ಮಡಿಲಲ್ಲಿದ್ದ ಅಂಗಿಗಳನ್ನೂ ಗುಂಡಿ ಡಬ್ಬಿಯನ್ನೂ ತನ್ನತ್ತ ಎಳೆದುಕೊಂಡಳು.