ಬಿ. ಮಹೇಶಕುಮಾರ ಅಂದರೆ ಯಾರು?

ಮೊದಲೇ ಹೇಳಿಬಿಡುತ್ತೇನೆ: ಗಾಡಿ ಓಡಿಸುವವನು ನಾನಲ್ಲ. ಬೇಗಂ ಬಜಾರಿನ ನಮ್ಮ ಮೆಣಸಿನಕಾಯಿ ಅಂಗಡಿಗೆ ಬಂದು ಕೈ ಕುಲುಕುವವರಿಗೆ, ಕೋಠಿಯ ಬಸ್‌ಸ್ಟಾಪಿನಲ್ಲಿ "ಏನ್ರಿ ಸಾವ್ಕಾರ್ರ, ಭಾರಿ ಗಾಡಿ ಹೊಡೀತೀರಂತ!" ಎಂದು ಬೆನ್ನು ತಟ್ಟುವವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ನಾನು ಸ್ಕೂಟರನ್ನೇ ಜೀವ ಕೈಯಲ್ಲಿ ಹಿಡಿದುಕೊಂಡು ನಡೆಸುವವನು. ಆ ಕೆಂಪು ಕಾರಿನಲ್ಲಿ ನನ್ನ ಜಾಗ ಎಡಗಡೆಯ ಸೀಟು. ಮಡಿಲಲ್ಲಿ ತಿರುವುಗಳನ್ನು ಬರೆದುಕೊಂಡ ಹಾಳೆ. ಸ್ಟಿಯರಿಂಗ್ ಹಿಡಿಯುವವಳು ನನ್ನ ಹೆಂಡತಿ ಭಾಗ್ಯಶ್ರೀ. ಇಷ್ಟು ಹೇಳಿದ ಮೇಲೂ ಜನ ನಕ್ಕು, "ಇರ್ಲಿ ಬಿಡ್ರಿ, ನಿಮ್ದು ದೊಡ್ಡ ಮನಸ್ಸು" ಅನ್ನುತ್ತಾರೆ. ದೊಡ್ಡ ಮನಸ್ಸಂತೆ! ಮೈಯೆಲ್ಲ ಉರಿಯುತ್ತದೆ.

ಭಾಗ್ಯಶ್ರೀ ಹುಮನಾಬಾದದವಳು. ಅವಳ ಅಪ್ಪ ಅಮೃತಪ್ಪನವರಿಗೆ ಒಂದು ಲಾರಿ ಇತ್ತು, ಸೊಲ್ಲಾಪುರ ಹೆದ್ದಾರಿಯಲ್ಲೇ ಅವರ ಆಯುಷ್ಯ ಸವೆಯಿತು. ಮಗಳು ಅಡುಗೆ ಕಲಿಯುವ ಮುಂಚೆ ಗೇರು ಹಾಕುವುದನ್ನು ಕಲಿತಳು. ಸಂತೆ ಇಲ್ಲದ ದಿನ ಖಾಲಿ ಬೀಳುವ ಮಾರ್ಕೆಟ್ ಯಾರ್ಡಿನಲ್ಲಿ ಲಾರಿಯನ್ನು ಸುತ್ತು ಹೊಡೆಸುತ್ತಿದ್ದಳಂತೆ. ಮದುವೆಯಾಗಿ ಹೈದರಾಬಾದಿಗೆ ಬಂದಾಗ ನನ್ನ ಅಪ್ಪ ಶಿವಶರಣಪ್ಪನವರು, "ಅದೆಲ್ಲಾ ನಿಮ್ಮ ಊರಾಗ ಮುಗೀತವ್ವ. ಇಲ್ಲಿ ಸೊಸಿ ಕೆಲಸ ಮನಿ ಒಳಗ" ಎಂದುಬಿಟ್ಟರು. ಅವಳು ತಲೆಯಾಡಿಸಿದಳು. ಒಂದು ರಂಜಾನಿನ ಮುಂದೆ ಅಂಗಡಿಯ ಟೆಂಪೋ ಡ್ರೈವರ್ ಹೇಳದೆ ಕೇಳದೆ ಬಿಟ್ಟುಹೋದ. ಮಾಲು ತುಂಬಿ ನಿಂತ ಗಾಡಿ, ಹಿಂದೆ ಮುಂದೆ ತಳ್ಳುಗಾಡಿಗಳು, ಓಣಿಯ ತುಂಬ ಬೈಗುಳ. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಆ ಟೆಂಪೋವನ್ನು ಬೇಗಂ ಬಜಾರಿನ ಓಣಿಯಿಂದ ಹಿಮ್ಮುಖವಾಗಿ ಹೊರಗೆ ತೆಗೆದಳು. ಹಮಾಲರು ಮೂಟೆ ಇಳಿಸಿ ನಿಂತು ನೋಡಿದರು. ಅಪ್ಪ ಮಾತ್ರ ತಕ್ಕಡಿಯಿಂದ ತಲೆ ಎತ್ತಲಿಲ್ಲ.

ಆಮೇಲೆ ಟೆಂಪೋ ಅವಳದೇ ಆಯಿತು. ಉಪ್ಪಿನಕಾಯಿ ಕಾಲದಲ್ಲಿ ಬರ್ಕತ್‌ಪುರದ ನಲಿನಿ ಅಮ್ಮನವರ ಮನೆಗೆ ಖಾರದಪುಡಿ ಹಾಕಲು ಹೋದಾಗ, ಹಿತ್ತಿಲ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದ ಕಾರೊಂದನ್ನು ಕಂಡಳು. ಅವರ ಗಂಡ, ತೀರಿಹೋದ ಡಾಕ್ಟರರು, ಹರೆಯದಲ್ಲಿ ಓಡಿಸಿದ್ದ ಕೆಂಪು ಟ್ರಯಂಫ್ ಸ್ಪಿಟ್‌ಫೈರ್. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಅಂಟಿಕೊಂಡಂಥ ಗಾಡಿ. ನಲಿನಿ ಅಮ್ಮ ಧಾರವಾಡದ ಕಡೆಯವರು. "ಬಂದಾವ್ರೆಲ್ಲ ಇದನ್ನ ಕೊಡ್ತೀರೇನು ಅಂತ ಕೇಳ್ತಾರ. ನೀ ಒಬ್ಬಾಕಿ ನೋಡು, ಚಾಲೂ ಆಗ್ತದೇನ್ರಿ ಅಂತ ಕೇಳಿದಾಕಿ" ಎಂದರು. "ತಗೊಂಡು ಹೋಗು. ನಿಲ್ಲಸಬ್ಯಾಡ, ಅಷ್ಟ."

ನಿಲ್ಲಿಸಲಿಲ್ಲ. ಅದರ ಎಷ್ಟೋ ಭಾಗಗಳು ಮದರಾಸಿನಲ್ಲಿ ತಯಾರಾಗುತ್ತಿದ್ದ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನವೇ. ಗುಜರಿಯವರ ಹತ್ತಿರ ಹುಡುಕಿ, ಒಂದೊಂದೇ ತಂದು ಎಂಜಿನ್ನಿಗೆ ಜೀವ ತುಂಬಿದಳು. ಪಟಾನ್‌ಚೆರು ದಾಟಿದ ಮೇಲೆ ಮುಚ್ಚಿದ ಕಾರ್ಖಾನೆಯೊಂದರ ಪರೀಕ್ಷಾ ರಸ್ತೆ ಇದೆ. ಹಳೆ ಕಾರುಗಳ ಕ್ಲಬ್ಬಿನವರು ಆಗಾಗ ಭಾನುವಾರ ಅಲ್ಲಿ ಗಾಡಿ ಓಡಿಸುತ್ತಾರೆ. ಪಂದ್ಯವಲ್ಲ, ಖುಷಿಗೆ. ಮೊದಲ ಸಲ ಹೋದಾಗ ಅಲ್ಲಿನ ಗಂಡಸರು ಕಾರಿನ ಬಗ್ಗೆ ಕೇಳಿದ್ದೆಲ್ಲ ನನ್ನನ್ನೇ. ಆಯಿಲ್ ಯಾವುದು, ಕಾರ್ಬೊರೇಟರ್ ಯಾವುದು. ನನಗೇನು ಗೊತ್ತು! ನಾನು ಅವಳತ್ತ ಕೈ ತೋರಿಸುವುದು, ಅವಳು ಉತ್ತರಿಸುವುದು, ಅವರು ಆ ಉತ್ತರ ಕೇಳಿಸಿಕೊಂಡು ಮುಂದಿನ ಪ್ರಶ್ನೆಯನ್ನು ಮತ್ತೆ ನನಗೇ ಹಾಕುವುದು. ಎಂಥ ಜನರಪ್ಪ!

ಹೋದ ಕಾರ್ತಿಕದಲ್ಲಿ ಕ್ಲಬ್ಬಿನವರು ವಿಕಾರಾಬಾದಿನ ಅನಂತಗಿರಿ ಗುಡ್ಡದ ಡಾಂಬರು ರಸ್ತೆಯಲ್ಲಿ ರ‍್ಯಾಲಿ ಇಟ್ಟರು. ರಸ್ತೆ ಬಂದ್ ಮಾಡಿ, ಒಂದೊಂದೇ ಕಾರು ಬಿಟ್ಟು, ಹಿಡಿದ ಸಮಯ ನೋಡುವುದು. ಪಕ್ಕದಲ್ಲಿ ಕೂತವನು ಮುಂದಿನ ತಿರುವನ್ನು ಮೊದಲೇ ಕೂಗಿ ಹೇಳಬೇಕು. ನಮ್ಮದು ನಮ್ಮದೇ ಭಾಷೆ. "ಎಡಕ್ಕ, ಬಿಗಿ", "ಬಲಕ್ಕ, ಸಡ್ಲ" ಎಂದು ನಾನು ಕೂಗಬೇಕು, ಅವಳು "ಹೂಂರಿ" ಅನ್ನಬೇಕು. ಹೂಂ ಬರದಿದ್ದರೆ ಕೇಳಿಸಿಲ್ಲ ಎಂದು ಅರ್ಥ, ಮತ್ತೆ ಕೂಗಬೇಕು.

ಈಗ ಆ ಮೇಜಿನ ಸಂಗತಿ ಬರುತ್ತದೆ. ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುತ್ತೇನೆ.

ಹೆಸರು ಬರೆಸುವ ಮೇಜಿನ ಹಿಂದೆ ಕ್ಲಬ್ಬಿನ ಕಾರ್ಯದರ್ಶಿ ವಿಶ್ವಜಿತ್ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ತೆಲುಗಿನವನು. ಅವನ ಹಿಂದಿ, ತೆಲುಗು ಎರಡನ್ನೂ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. "ಡ್ರೈವರ್ ಹೆಸರು?" ಎಂದ. ಇವಳು "ಭಾಗ್ಯಶ್ರೀ" ಎಂದಳು. "ಪೂರ್ತಿ ಹೆಸರು ಮೇಡಂ, ಲೈಸೆನ್ಸಿನಲ್ಲಿ ಇದ್ದ ಹಾಗೆ." ಇವಳು ಬಾಯಿ ಮುಚ್ಚಿಕೊಂಡಳು. ಯಾಕೆಂದರೆ ಲೈಸೆನ್ಸಿನಲ್ಲಿರುವುದು ಭಾಗ್ಯಶ್ರೀ ಮಹೇಶಕುಮಾರ. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವವಳಲ್ಲ. ನಮ್ಮ ಕಡೆ ಮದುವೆಯ ದಿನ ಮನೆ ತುಂಬಿಸಿಕೊಳ್ಳುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಅದನ್ನೂ ಸೀದಾ ಹೇಳುವ ಹಾಗಿಲ್ಲ, ಒಡಪು ಕಟ್ಟಿ ಹೇಳಬೇಕು. ಅವಳು ಅಂದು ಹೇಳಿದ್ದು ನನಗಿನ್ನೂ ನೆನಪಿದೆ:

"ಬೆಳ್ಳಿ ತಾಟಿನಾಗ ಹೋಳಗಿ, ಹೋಳಗಿ ಮ್ಯಾಲ ತುಪ್ಪ,
ಮಹೇಶಕುಮಾರ್ರ ಹೆಸರ ಹೇಳೀನಿ, ಹಾದಿ ಬಿಡ್ರೆಪ್ಪ."

ಅದೇ ಮೊದಲು, ಅದೇ ಕೊನೆ. ಆಮೇಲೆ ನಾನು "ರೀ", "ಇವ್ರು", "ಅವ್ರು". ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ, ಎಲ್ಲಿ ಕೇಳಿದರೂ ಅಷ್ಟೇ. ಮೇಜಿನ ಮುಂದೆಯೂ ಅಷ್ಟೇ ಆಯಿತು. "ಮುಂದಿಂದು ಅವ್ರನ್ನ ಕೇಳ್ರಿ" ಎಂದು ನನ್ನ ಕಡೆ ಗದ್ದ ತೋರಿಸಿದಳು. ನಾನು "ಮಹೇಶಕುಮಾರ" ಎಂದೆ. ಪಕ್ಕದ ಸೀಟಿನವರು ಯಾರು ಎಂದಾಗ "ಮಹೇಶಕುಮಾರ ಶಿವಶರಣಪ್ಪ" ಎಂದೆ. ಅಂದರೆ ಮೊದಲು ನನ್ನ ಹೆಸರು, ಆಮೇಲೆ ನನ್ನಪ್ಪನದು. ನನ್ನ ತಪ್ಪೇನಿದೆ ಹೇಳಿ!

ಗುಡ್ಡ ಇಳಿದು ಬಂದಾಗ ಹಳೆ ಕಾರುಗಳ ಗುಂಪಿನಲ್ಲಿ ನಾವೇ ಮೊದಲು. ಭಾಗ್ಯಶ್ರೀ ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ಫಲಿತಾಂಶದ ಹಲಗೆಯ ಕಡೆ ಓಡಿದಳು. ನಾನು ವಾಂತಿ ಮುಗಿಸಿ ಹೋಗುವಷ್ಟರಲ್ಲಿ ಅವಳು ಅಲ್ಲಿ ಕಂಬದಂತೆ ನಿಂತಿದ್ದಳು. ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಹೀಗಿತ್ತು: ಚಾಲಕ, ಬಿ. ಮಹೇಶಕುಮಾರ. ಸಹಚಾಲಕ, ಎಂ. ಶಿವಶರಣಪ್ಪ.

ತೆಲುಗಿನವರಲ್ಲಿ ಮನೆತನದ ಹೆಸರು ಮೊದಲು, ಮನುಷ್ಯನ ಹೆಸರು ಆಮೇಲೆ. ವಿಶ್ವಜಿತ್ ಹಾಗೇ ಓದಿದ್ದಾನೆ. ಅವನ ಲೆಕ್ಕದಲ್ಲಿ ಭಾಗ್ಯಶ್ರೀ ಅನ್ನುವುದು ನನ್ನ ಮನೆತನ, ಮಹೇಶಕುಮಾರ ಅನ್ನುವುದು ನನ್ನಪ್ಪನ ಮನೆತನ! ನನ್ನ ಹೆಂಡತಿ ಒಂದು ಚುಕ್ಕೆಯ ಹಿಂದಿನ ಅಕ್ಷರವಾಗಿ ಹೋದಳು. ಒಂದೇ ಹೆಸರು ಎರಡು ಕಡೆ ಬಂತಲ್ಲ ಎಂದಾದರೂ ಯೋಚಿಸಬಾರದೇ? ಲೈಸೆನ್ಸಿನ ಮೇಲೆ ಅವಳ ಮುಖವಿತ್ತಲ್ಲ, ಕಣ್ಣು ಎಲ್ಲಿಟ್ಟಿದ್ದ? ಕೇಳಿದರೆ ವಿಶ್ವಜಿತ್ ನಕ್ಕ. "ಸಾರ್, ಒಂದೇ ಮನೆ ಅಲ್ವಾ? ಕಪ್ಪು ನಿಮ್ಮನೆಗೇ ಬಂತಲ್ವಾ?"

ಇದು ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಪೇಪರಿನ ಮೂಲೆಯಲ್ಲಿ ಎರಡು ಹೆಲ್ಮೆಟ್‌ಗಳ ಫೋಟೋ ಹಾಕಿ, ಕೆಳಗೆ ಅದೇ ಎರಡು ಹೆಸರು ಹಾಕಿದರು. ಮರುದಿನವೇ ಬಜಾರಿನ ವ್ಯಾಪಾರಿಗಳು, ಗಾಡಿ ಓಡಿಸಿದವನು ನಾನು, ಪಕ್ಕದಲ್ಲಿ ಕೂತವರು ನನ್ನಪ್ಪ ಎಂದುಕೊಂಡು, ಹಾರ, ಶಾಲು ಹಿಡಿದುಕೊಂಡು ಅಂಗಡಿಗೆ ಬಂದರು. ಆ ಕಾರನ್ನು 'ಕೆಂಪು ಡಬ್ಬಿ' ಎಂದೇ ಕರೆಯುವ, ಒಂದು ದಿನವೂ ಅದರಲ್ಲಿ ಕೂರದ ನನ್ನಪ್ಪ ಏನು ಮಾಡಬೇಕಿತ್ತು? ನಾನು ಹೋಗೇ ಇಲ್ಲ, ಓಡಿಸಿದವಳು ನನ್ನ ಸೊಸೆ ಅನ್ನಬೇಕಿತ್ತು. ಅಂದರೇ? ಇಲ್ಲ! ಕುತ್ತಿಗೆ ಬಗ್ಗಿಸಿ ಹಾರ ಹಾಕಿಸಿಕೊಂಡರು. ಶಾಲು ಹೊದ್ದು, "ತಿರುವು ಭಾಳ ಬಿಗಿ ಇದ್ದುವ್ರಿ" ಎಂದರು. ಚಹಾ ತಂದ ಭಾಗ್ಯಶ್ರೀ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನನ್ನು ಕಣ್ಣಲ್ಲೇ ಸುಟ್ಟರು. ಜನ ಹೋದ ಮೇಲೆ ನಾನು ಕೂಗಾಡಿದೆ. "ಮಂದ್ಯಾಗ ಮನಿ ಮಾನ ಕಳಿಬೇಕೇನು?" ಎಂದು ಅಪ್ಪ ತಿರುಗಿ ಕೂಗಿದರು. ಸೊಸೆ ಗೆದ್ದರೆ ಮಾನ ಯಾಕೆ ಹೋಗುತ್ತದೆ ಎಂದು ಕೇಳಿದೆ. ಅವರು ಶಾಲು ಸರಿಮಾಡಿಕೊಂಡು ತಕ್ಕಡಿಯ ಮುಂದೆ ಹೋಗಿ ಕೂತರು.

ಮಧ್ಯಾಹ್ನ ರೊಟ್ಟಿ ಬಡಿಯುತ್ತ ಭಾಗ್ಯಶ್ರೀ ನನಗೆ ಹೇಳಿದಳು. "ನಂಗ ಕಪ್ಪೂ ಬ್ಯಾಡ, ಶಾಲೂ ಬ್ಯಾಡ. ನನ್ನ ಹೆಸರ ನಂಗ ಕೊಡಸ್ರಿ, ಸಾಕು."

ಕ್ಲಬ್ಬಿಗೆ ಹೋದೆ. ವಿಶ್ವಜಿತ್ ಈ ಸಲ ನಗಲಿಲ್ಲ. ಹೆಸರು ಬದಲಿಸಿದರೆ ಬೇರೆಯವರ ಹೆಸರಿನಲ್ಲಿ ಓಡಿಸಿದ ಹಾಗಾಗುತ್ತದಂತೆ, ಗೆಲುವೇ ರದ್ದಂತೆ. ರ‍್ಯಾಲಿಯ ಕೊನೆಯ ಸುತ್ತು ಇನ್ನೂ ಬಾಕಿ ಇತ್ತು; ಅದಕ್ಕೆ ಬರುವುದು ಗೆದ್ದ ಚಾಲಕರು ಮಾತ್ರ, ಹಾಗಾಗಿ ಅದೂ ಇಲ್ಲವಂತೆ. ತಪ್ಪು ಬರೆದವನು ಅವನು, ಶಿಕ್ಷೆ ನಮಗೆ! ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ. "ಮೇಡಮ್ಮೇ ಓಡಿಸಲಿ ಸಾರ್, ಯಾರು ಬೇಡ ಅಂದರು? ಹೆಲ್ಮೆಟ್ ಹಾಕಿಕೊಂಡರೆ ಒಳಗೆ ಯಾರಿದ್ದಾರೆ ಅಂತ ಯಾರಿಗೆ ಗೊತ್ತಾಗುತ್ತದೆ?" ಅವನ ಕೈ ಕೊಡವಿ ಬಂದೆ. ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಭಾಗ್ಯಶ್ರೀಗೆ ಹೇಳಿದೆ. ಅವಳು "ಹೂಂರಿ" ಎಂದಳು. ಅಷ್ಟೇ.

ಕೊನೆಯ ಸುತ್ತೂ ಅನಂತಗಿರಿಯಲ್ಲೇ. ಈ ಸಲ ಗುಡ್ಡ ಹತ್ತುವುದು. ಗೆದ್ದ ಸಹಚಾಲಕ ಎಂದು ಕ್ಲಬ್ಬಿನವರು ನನ್ನಪ್ಪನಿಗೆ ಬೇರೆ ಕರೆ ಕಳಿಸಿದ್ದರು. ಅವರು ಶಾಲು ಹೊದ್ದುಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ನಾವಿಬ್ಬರೂ ಹೆಲ್ಮೆಟ್ ಹಾಕಿಕೊಂಡು ಗೆರೆಗೆ ಬಂದೆವು. ವಿಶ್ವಜಿತ್ ಮೈಕಿನಲ್ಲಿ "ಬಿ. ಮಹೇಶಕುಮಾರ!" ಎಂದು ಕೂಗಿದ. ಬಾವುಟದವನು ಕೈ ಎತ್ತಿದ.

ಗಾಡಿ ಕದಲಲಿಲ್ಲ.

ಭಾಗ್ಯಶ್ರೀ ಕ್ಲಚ್ಚು ತುಳಿದುಕೊಂಡೇ ಹೆಲ್ಮೆಟ್ ತೆಗೆದು ನನ್ನ ಮಡಿಲಿಗೆ ಹಾಕಿದಳು. ಕೂದಲು ಕೆದರಿತ್ತು, ಕುಂಕುಮ ಹಣೆಯ ತುಂಬ ಹರಡಿತ್ತು. ಹಿಂದಿನ ಕಾರಿನವರು ಹಾರನ್ ಹೊಡೆದರು. ವಿಶ್ವಜಿತ್ ಮೈಕು ಹಿಡಿದುಕೊಂಡೇ ಓಡಿಬಂದು ಬಗ್ಗಿದ. "ಮೇಡಂ, ಹೆಲ್ಮೆಟ್ ಹಾಕಿಕೊಳ್ಳಿ, ಹೊರಡಿ. ರದ್ದಾಗುತ್ತದೆ!"

"ಆಗ್ಲಿ ತಗೋರಿ" ಎಂದು ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಗಾಡಿ ಹೊಡ್ಯಾಕಿ ಭಾಗ್ಯಶ್ರೀ" ಎಂದಳು. ಗುಡ್ಡದ ತುಂಬ ಕೇಳಿಸಿತು. ಎದುರು ಕುರ್ಚಿಯಲ್ಲಿ ಮಾವ ಕೂತಿದ್ದಾರೆ, ಅವರನ್ನೇ ನೋಡುತ್ತ ಹೇಳಿದಳು. "ಬಾಜೂಕ ಕುಂತಾವ್ರು ಮಹೇಶಕುಮಾರ. ಹೆಸರ ಹೇಳೀನಿ. ಹಾದಿ ಬಿಡ್ರಿ."

ಹೋಳಿಗೆಯಿಲ್ಲ, ತುಪ್ಪವಿಲ್ಲ, ಒಡಪಿಲ್ಲ. ಬರಿಯ ಹೆಸರು, ಅದೂ ಅದರ ಸರಿಯಾದ ಜಾಗದಲ್ಲಿ. ಅಪ್ಪ ಹೆಗಲಿನ ಶಾಲು ತೆಗೆದು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

ಹಲಗೆಯ ಸಂಗತಿ ಈಗಲೇ ಮುಗಿಸಿಬಿಡುತ್ತೇನೆ, ಸಿಟ್ಟಿನಲ್ಲಿ ಮರೆತೇನು. ಸಂಜೆ ನಮ್ಮನ್ನು ರದ್ದು ಮಾಡಿದರು. ಈ ಸುತ್ತೂ ಹೋಯಿತು, ಕಾರ್ತಿಕದ ಕಪ್ಪೂ ಹೋಯಿತು. ಆದರೆ ರದ್ದು ಮಾಡಬೇಕಾದರೆ ಯಾರನ್ನು ಎಂದು ಬರೆಯಲೇಬೇಕಲ್ಲ! ವಿಶ್ವಜಿತ್ ತನ್ನ ಕೈಯಾರೆ ಬರೆದ: ಚಾಲಕಿ, ಭಾಗ್ಯಶ್ರೀ. ಎದುರಿಗೆ, ರದ್ದು. ಗೆದ್ದಾಗ ಸಿಗದ ಹೆಸರು ಹೀಗೆ ಸಿಗಬೇಕೇ? ನಾಚಿಕೆಯಾಗಬೇಕು ಅವರಿಗೆ. ಭಾಗ್ಯಶ್ರೀ ಮಾತ್ರ ಅದರ ಫೋಟೋ ತೆಗೆದು, ಕಟ್ಟು ಹಾಕಿಸಿ, ಅಂಗಡಿಯಲ್ಲಿ ಅಪ್ಪನ ಗಾದಿಯ ಮೇಲಿನ ಗೋಡೆಗೆ ತೂಗುಹಾಕಿದ್ದಾಳೆ. ಬಂದವರು ಏನಿದು ಎಂದು ಕೇಳಿದರೆ ಅಪ್ಪನೇ ಓದಿ ಹೇಳಬೇಕು, ಹೇಳುತ್ತಾರೆ.

ಆದರೆ ಇದೆಲ್ಲ ಸಂಜೆಯ ಮಾತು. ಆಗಿನ್ನೂ ನಾವು ಗೆರೆಯ ಮೇಲಿದ್ದೆವು. ಅವಳು ಮೈಕನ್ನು ವಿಶ್ವಜಿತ್‌ನ ಕೈಗೆ ತುರುಕಿ, ಹೆಲ್ಮೆಟ್ ಹಾಕಿಕೊಂಡಳು. ಬಾವುಟದವನು ಯಾರನ್ನೂ ಕೇಳದೆ ಬಾವುಟ ಇಳಿಸಿಬಿಟ್ಟ. ಕ್ಲಚ್ಚು ಬಿಟ್ಟಳು. ಕಾರು ಹಾರಿತು, ನನ್ನ ಬೆನ್ನು ಸೀಟಿಗೆ ಬಡಿಯಿತು. ಹಾಳೆ ನನ್ನ ಕೈಯಲ್ಲೇ ಇತ್ತು, ಅಕ್ಷರವೊಂದೂ ಕಾಣಿಸುತ್ತಿರಲಿಲ್ಲ. ಕಿವಿಯಲ್ಲಿ ಇನ್ನೂ ನನ್ನ ಹೆಸರೇ ಇತ್ತು. ಮೊದಲ ತಿರುವು ಎದುರಿಗೇ ಬಂದುಬಿಟ್ಟಿತು.

"ಓದ್ರಿ, ಮಹೇಶಕುಮಾರ!" ಎಂದು ಬೈದಳು.