ಗರ್ಟ್ರೂಡ್ ಬಾಯಿ ಹೆಸರು ಬಿಟ್ಟುಕೊಟ್ಟದ್ದು

ಕುವೈತಿನ ರಿಗ್ಗೈಯಲ್ಲಿ ಶುಕ್ರವಾರ ಬೆಳಿಗ್ಗೆ ಬೇಗ ಏಳುವವರನ್ನು ಜನ ಒಂದು ಥರಾ ನೋಡುತ್ತಾರೆ. ವಾರದ ರಜೆ, ಎಸಿ ಗುಂಯ್ ಅನ್ನುತ್ತಿರುತ್ತದೆ, ಕಂಬಳಿ ಹೊದ್ದು ಬಿದ್ದುಕೊಳ್ಳುವುದು ಬಿಟ್ಟು ಇನ್ನೇನು ಕೆಲಸ ಹೇಳಿ? ಆದರೆ ಆ ಶುಕ್ರವಾರ ಮೂರನೇ ಮಹಡಿಯ ಗರ್ಟ್ರೂಡ್ ಬಾಯಿ ಕೋಳಿ ಕೂಗುವ ಹೊತ್ತಿಗೇ ಎದ್ದರು. ಅಲ್ಲಿ ಯಾವ ಕೋಳಿ ಕೂಗುತ್ತದೆ ಅಂತ ಕೇಳಬೇಡಿ, ಇರುವ ಕೋಳಿಯೆಲ್ಲ ಫ್ರೀಝರಿನಲ್ಲೇ. ಎದ್ದವರು ಮಿಂದು, ಮದುವೆಗೆ ಉಡುವ ನೇರಳೆ ಸೀರೆ ಉಟ್ಟು, ಗಂಡ ಜೆರೋಮ್ ಅವರ ಕಂಬಳಿ ಎಳೆದರು.

"ಹೋಯ್, ಏಳಿ ಮಾರಾಯ್ರೆ! ಮೊಮ್ಮಗಳಿಗೆ ಹೆಸರಿಡುವ ದಿನವೂ ಗೊರಕೆಯಾ?"

"ಇಡುವ ಹೆಸರು ಗೊತ್ತೇ ಉಂಟಲ್ಲ. ನಾನು ಎದ್ದು ಎಂತ ಮಾಡ್ಲಿಕ್ಕೆ?" ಅಂದರು ಜೆರೋಮ್, ದಿಂಬಿನ ಒಳಗಿಂದಲೇ.

ಗೊತ್ತಿಲ್ಲದೆ ಏನು! ಆ ಹೆಸರು ಇಡೀ ರಿಗ್ಗೈಗೇ ಗೊತ್ತು. ಗರ್ಟ್ರೂಡ್ ಬಾಯಿ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಕೌಂಟರಿನಲ್ಲಿ ಕೂರುವವರು, ಬಾಯಿ ಸುಮ್ಮನಿರುವುದು ಪ್ರಾರ್ಥನೆಯ ಹೊತ್ತಿಗೆ ಮಾತ್ರ. ಬಂಟ್ವಾಳದ ಅವರ ಮನೆತನದಲ್ಲಿ ಮಗನ ಮೊದಲ ಹೆಣ್ಣುಮಗುವಿಗೆ ಅಜ್ಜಿಯ ಹೆಸರು ಹೋಗಬೇಕು. ಇವರಿಗೆ ಬಂದದ್ದೂ ಹಾಗೇ, ಅಪ್ಪನ ಅಮ್ಮನಿಂದ. ಒಬ್ಬನೇ ಮಗ ಜೋಸ್ವಿನ್‌ಗೆ ಈಗ ಹೆಣ್ಣುಮಗು. "ಪ್ರಾಮಿಸ್ ಮಮ್ಮಿ, ಗರ್ಟ್ರೂಡ್ ಅಂತಲೇ ಇಡ್ತೇವೆ" ಅಂತ ಅವನು ಫೋನಿನಲ್ಲಿ ಹೇಳಿದ ದಿನ ಇವರು ಕೌಂಟರಿನಲ್ಲಿ ಸಿಕ್ಕಿದವರಿಗೆಲ್ಲ ಖರ್ಜೂರ ಹಂಚಿದರು. ಹಲ್ಲುನೋವಿಗೆ ಬಂದವರಿಗೂ.

ಮಗುವಿನ ತಾಯಿ ಮಿರಿಯಮ್ ಅದೇ ಆಸ್ಪತ್ರೆಯ ನರ್ಸು. ಊರು ಎಲ್ಲಿ ಅಂದರೆ, ಮಲೇಶಿಯಾದ ಸರವಾಕ್‌ನಲ್ಲಿ, ಮುಗಿಯದ ಮಳೆಕಾಡಿನ ನಡುವೆ, ಇಂಡೋನೇಶಿಯಾ ಗಡಿಗೆ ತಾಗಿದ ಪಾ ಸೆಲುಯಾ ಎಂಬ ಹಳ್ಳಿ. ಹಳ್ಳಿ ಅಂದರೆ ಒಂದೇ ಮನೆ! ರೈಲುಗಾಡಿಯಷ್ಟು ಉದ್ದದ ಮರದ ಮನೆ, ಅದರೊಳಗೆ ಸಾಲಾಗಿ ಸಂಸಾರಗಳು. ಅಲ್ಲಿಗೆ ಹೋಗಲು ಆಟಿಕೆಯಂಥ ವಿಮಾನ ಹತ್ತಬೇಕು, ಆಮೇಲೆ ಜೀಪು, ಜೀಪು ಹೂತರೆ ಕಾಲು. ಬಾಣಂತನ ತಾಯಿಮನೆಯಲ್ಲೇ ಅಂತ ಮಿರಿಯಮ್ ಹಟ ಹಿಡಿದಾಗ ಗರ್ಟ್ರೂಡ್ ಬಾಯಿಗೆ ಸೊಸೆಯ ಮೇಲೆ ಪ್ರೀತಿ ಉಕ್ಕಿತ್ತು. ಇದು ನಮ್ಮ ಕಡೆಯ ಹುಡುಗಿಯೇ ಬಿಡಿ, ಅಂದಿದ್ದರು.

ಜೋಸ್ವಿನ್ ಒಮ್ಮೆ ಅಲ್ಲಿಂದ ವಿಡಿಯೋ ತೋರಿಸಿ, "ಮಮ್ಮಿ, ಆ ಗುಡ್ಡದಾಚೆ ಬೇರೆ ದೇಶ. ಮಾವ ಅಲ್ಲಿಂದ ನಿನ್ನೆ ಎಮ್ಮೆ ಹೊಡ್ಕೊಂಡು ಬಂದ್ರು" ಅಂದಿದ್ದ.

"ಪಾಸ್‌ಪೋರ್ಟ್?" ಕೇಳಿದರು ಜೆರೋಮ್.

"ಎಮ್ಮೆಗಾ?"

ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ ಕಾರ್ಡು, ಮನೆಯಲ್ಲಿ ಮರೆತರೆ ಕೆಳಗಿನ ಬಕಾಲಾ ಅಂಗಡಿಗೂ ಇಳಿಯದ ಜೆರೋಮ್ ಆ ದಿನ ಇಡೀ ತಲೆ ಕೊಡವುತ್ತಲೇ ಇದ್ದರು. ಇವರಿಬ್ಬರೂ ಅಲ್ಲಿಗೆ ಹೋಗದೆ ಉಳಿದದ್ದೂ ಅದೇ ಇಕಾಮಾದಿಂದ. ರಿನ್ಯೂವಲ್ ಆಗದೆ ದೇಶ ಬಿಡುವ ಹಾಗಿರಲಿಲ್ಲ.

ಹಾಗಾಗಿ ಸಮಾರಂಭ ಟಿವಿಯಲ್ಲೇ. ಎದುರು ಫ್ಲ್ಯಾಟಿನ ಬ್ಯಾರಿ ಹುಡುಗಿ ಶಮೀಮಾ ಫೋನನ್ನು ಟಿವಿಗೆ ಜೋಡಿಸಿಕೊಟ್ಟು, ಒಂದು ಪಾತ್ರೆ ಪಾಯಸದ ಜೊತೆ ತಾನೂ ಸೋಫಾದಲ್ಲಿ ಕೂತಳು. ತೆರೆಯ ತುಂಬಾ ಜನ! ಉದ್ದನೆಯ ಜಗಲಿಯಲ್ಲಿ ಇಡೀ ಊರು ಕೂತಿದೆ, ಎಲೆಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳ ರಾಶಿ, ಹಂಡೆಯಲ್ಲಿ ಮಾಂಸ, ಹಿಂದೆ ಕಪ್ಪುಹಸಿರು ಕಾಡು, ಕಾಡಿನ ಮೇಲೆ ಕೂತ ಮೋಡ. ಮಿರಿಯಮಳ ಅಪ್ಪ, ಅಂದರೆ ಬೀಗರು, ತಲೆಗೆ ಮಣಿಯ ಟೋಪಿ ಹಾಕಿ ನಡುವೆ ನಿಂತಿದ್ದರು. ರಿಟೈರಾದ ಮೇಷ್ಟ್ರು, ಇಂಗ್ಲಿಷು ಚೆನ್ನಾಗಿ ಬರುತ್ತದೆ.

"ಬೇಗ ಮುಗಿಸೋಣ. ನೆಟ್ ಶಾಲೆಯದ್ದು, ಸೋಲಾರಿನಲ್ಲಿ ನಡೆಯೋದು, ಮೋಡ ಬರ್ತಾ ಉಂಟು. ಅಮ್ಮಾ, ಹೇಳಿ. ಹೊಸ ಹೆಸರೇನು?"

ಗರ್ಟ್ರೂಡ್ ಬಾಯಿ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. "ಗರ್ಟ್ರೂಡ್!" ಅಂದರು.

"ಅದು ಹಳೆಯದಲ್ವಾ? ಹೊಸದು ಹೇಳಿ."

"ಮಗುವಿಗೆ ಹೊಸದೇ ಅಲ್ವಾ?"

"ಮಗುವಿನದ್ದು ಕೇಳಲಿಲ್ಲ. ನಿಮ್ಮದು."

ಗರ್ಟ್ರೂಡ್ ಬಾಯಿ ಟಿವಿ ನೋಡಿದರು, ಗಂಡನನ್ನು ನೋಡಿದರು, ಶಮೀಮಾಳನ್ನು ನೋಡಿದರು. ಜೋಸ್ವಿನ್ ಮುಂದೆ ಬಂದು ತಲೆ ಕೆರೆದುಕೊಂಡ. "ಮಮ್ಮಿ, ಹೆಸರಿನ ಹಬ್ಬ ಅಂದಿದ್ದೆನಲ್ಲ. ಇಲ್ಲಿ ಮಗು ಹುಟ್ಟಿದ್ರೆ ಹೆಸರು ಬದಲಾಗೋದು ದೊಡ್ಡವರಿಗೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಎಲ್ಲರಿಗೂ. ನಾನೀಗ ಜೋಸ್ವಿನ್ ಅಲ್ಲ, ಲಿಯನ್."

"ಎಂತ? ನಾನಿಟ್ಟ ಹೆಸರಿಗೆ ಏನಾಗಿತ್ತು ದಾಡಿ? ಜೆಜು ಸಾಯ್ಬಾ, ನನಗೆ ಈ ಪ್ರಾಯದಲ್ಲಿ ಹೊಸ ಹೆಸರಾ!"

ಬೀಗರು ಸಾವಧಾನವಾಗಿ ವಿವರಿಸಿದರು. ಅಜ್ಜಿಯಾದವಳನ್ನು ಈ ಊರಿನಲ್ಲಿ ಹಳೆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಹೆಸರು ಖಾಲಿಯಾಗುತ್ತದೆ. ಖಾಲಿಯಾದದ್ದನ್ನು ಮಗುವಿಗೆ ಸಂತೋಷವಾಗಿ ಕೊಡಬಹುದು. ಖಾಲಿಯಾಗದಿದ್ದರೆ ಮಗುವಿಗೆ ಬೇರೆ ಏನಾದರೂ ನೋಡಬೇಕು.

"ನಮ್ಮಲ್ಲಿ ಹಾಗಿಲ್ಲ! ನನ್ನ ಅಜ್ಜಿ ದೊಡ್ಡ ಗರ್ಟ್ರೂಡ್, ನಾನು ಸಣ್ಣ ಗರ್ಟ್ರೂಡ್, ಇಬ್ಬರೂ ಒಂದೇ ಮನೆಯಲ್ಲಿದ್ದೆವು!"

"ಒಂದೇ ಅಂಗಿಯೊಳಗೆ ಇಬ್ಬರಾ?" ಬೀಗರು ನಕ್ಕರು. ಪಕ್ಕದವರಿಗೆ ಅನುವಾದಿಸಿದರು. ಇಡೀ ಜಗಲಿ ಹೊಟ್ಟೆ ಹಿಡಿದು ನಕ್ಕಿತು. "ಕೊಡೋದಾದ್ರೆ ಪೂರ್ತಿ ಕೊಡಿ, ಅಮ್ಮಾ."

ಜೆರೋಮ್‌ಗೆ ಗಾಬರಿ. "ಸಿವಿಲ್ ಐಡಿ ಉಂಟು, ಲೈಸನ್ಸ್ ಉಂಟು! ವೀಸಾ ಕೊಟ್ಟ ಕಫೀಲ್ ಕೇಳಿದ್ರೆ ನಾನೆಂತ ಹೇಳ್ಲಿ?"

"ಕಾಗದಕ್ಕಲ್ಲ ಅಂಕಲ್, ಬಾಯಿಗೆ ಮಾತ್ರ," ಅಂದಳು ಶಮೀಮಾ. "ಮತ್ತೆ ಆಂಟಿ, ಆಸ್ಪತ್ರೆಯಲ್ಲಿ ಅರಬಿ ಹೆಂಗಸರು ನಿಮ್ಮನ್ನು ಉಮ್ ಜೋಸ್ವಿನ್, ಜೋಸ್ವಿನ್‌ನ ಅಮ್ಮ, ಅಂತಾರೆ. ಇಲ್ಲಿ ನಾವೆಲ್ಲ ಆಂಟಿ. ಗರ್ಟ್ರೂಡ್ ಅಂತ ಕರೆಯೋದು ಅಂಕಲ್ ಒಬ್ರೇ."

ಗರ್ಟ್ರೂಡ್ ಬಾಯಿಗೆ ಚುರ್ ಎಂದದ್ದು ಅಲ್ಲೇ. ಹೌದು, ಒಬ್ಬರೇ. ಬಂಟ್ವಾಳದಲ್ಲಿ ಹಾಗೆ ಕೂಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಹೋಗಿಯಾಯಿತು. ಉಳಿದಿರುವ ಆ ಒಂದು ಕೂಗನ್ನೂ ಬಿಟ್ಟರೆ ತಾನು ಯಾರು? ಬಿಡದಿದ್ದರೆ? ಜೆರೋಮ್ ಕೂಗುವಷ್ಟು ದಿನ ಕೂಗುತ್ತಾರೆ, ಆಮೇಲೆ ಅಜ್ಜಿಯ ಹೆಸರು ಗೋರಿಕಲ್ಲಿನ ಮೇಲೆ ಮಾತ್ರ. ಅವರು ಸೋಫಾದಲ್ಲಿ ಕುಸಿದು ಕೂತರು. ನಿಜವಾಗಿ ಅಳು ಬಂತು.

ತೆರೆಯ ಮೇಲೆ ಬೆಳಕು ಕಡಿಮೆಯಾಯಿತು. ಚಿತ್ರ ಒಮ್ಮೆ ನಿಂತು ಮತ್ತೆ ಅಲ್ಲಾಡಿತು. "ಮಮ್ಮಿ, ಮೋಡ!" ಜೋಸ್ವಿನ್ ಕೂಗಿದ. "ಯಲ್ಲಾ ಮಮ್ಮಿ, ಬೇಗ!"

"ರೋಶ್ನಿ!"

ಅದು ಹೇಗೆ ಹಾರಿತೋ ಗರ್ಟ್ರೂಡ್ ಬಾಯಿಗೇ ಗೊತ್ತಾಗಲಿಲ್ಲ. "ರೋಶ್ನಿಯಾ?" ಜೆರೋಮ್ ಬಾಯಿ ಬಿಟ್ಟರು. "ಅದ್ಯಾರು?"

"ನಾನೇ! ಶಾಲೆಯಲ್ಲಿ ಎದುರು ಬೆಂಚಿನವಳ ಹೆಸರು. ಟೀಚರು ಅವಳನ್ನು ಎಷ್ಟು ಚಂದ ಕರೀತಿದ್ರು! ನನ್ನದು ಬಂದಾಗ ನಾಲಿಗೆ ಉಳುಕಿದ ಹಾಗೆ ಮಾಡ್ತಿದ್ರು. ಎಷ್ಟು ಹೊಟ್ಟೆಕಿಚ್ಚು ಇತ್ತು ಗೊತ್ತುಂಟಾ ನನಗೆ?" ಅಳುತ್ತಿದ್ದವರು ನಗಲು ಶುರುಮಾಡಿದರು. ನಗು ನಿಲ್ಲಲೇ ಇಲ್ಲ. ಕಾಡಿನ ನಡುವಿನ ಆ ಊರು ಎದ್ದು ನಿಂತು "ರೋಶ್ನೀ!" ಅಂತ ಕೂಗಿತು, ಜಗಲಿಯ ಹಲಗೆ ಧಡಧಡ ಅಂದಿತು. ಇತ್ತ ರಿಗ್ಗೈಯಲ್ಲಿ ನೇರಳೆ ಸೀರೆಯ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಶಮೀಮಾಳ ಕೈ ಹಿಡಿದು ಸುತ್ತಿದ್ದೇ ಸುತ್ತಿದ್ದು. ಕೆಳಗಿನ ಮಹಡಿಯವರು ಬಂದು ಬಾಗಿಲು ಬಡಿದರು. ಅವರಿಗೂ ಪಾಯಸ.

"ನಿಮ್ಮದು?" ಬೀಗರು ಜೆರೋಮ್‌ರನ್ನು ಕೇಳಿದರು.

ಜೆರೋಮ್ ಹೆಂಡತಿಯನ್ನೇ ನೋಡುತ್ತಿದ್ದರು. "ನನಗೆ ಯಾವುದಾದ್ರೂ ಹಾಕಿ ಮಾರಾಯ್ರೆ. ಈ ರೋಶ್ನಿಗೆ ಹೊಂದುವಂಥದ್ದು."

ಆಮೇಲೆ ಬೀಗರು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಕೆಂಪಗಿನ ಪುಟ್ಟ ಮುಖ, ಕಣ್ಣು ಮುಚ್ಚಿಯೇ ಇತ್ತು.

"ಗರ್ಟ್ರೂಡ್!" ಬೀಗರು ಕರೆದರು.

ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಬಿಡುತ್ತದೆಯೇ? "ಓ" ಅನ್ನಲು ಇತ್ತ ಅಜ್ಜಿಯ ಬಾಯಿ ಆಗಲೇ ತೆರೆದಿತ್ತು. ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡರು. ಅತ್ತ, ಆ ಗಡಿಯಂಚಿನ ಉದ್ದನೆಯ ಮನೆಯಲ್ಲಿ, ಗರ್ಟ್ರೂಡ್ ಕಣ್ಣು ಬಿಟ್ಟು ಊರೆಲ್ಲ ಕೇಳುವ ಹಾಗೆ ಚೀರಿ ಓಗೊಟ್ಟಳು.